ಗೋದಾಮಿನಲ್ಲಿ ಸಿಕ್ಕ ನಿಘಂಟು

ಚೀನೀ, ಜಪಾನೀ, ಕೊರಿಯನ್ – ಈ ಮೂರರಲ್ಲಿ ಒಂದನ್ನ ಕಲೀಲೇಬೇಕು ಅಂತ ಕಳೆದ ವರ್ಷ ಹಠಕ್ಕೆ ಬಿದ್ದೆ. ಯಾವುದು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಥರದ ಉತ್ತರ. ಚೀನೀ ಕಲಿತರೆ ವ್ಯಾಪಾರ, ಜಪಾನೀ ಕಲಿತರೆ ಕೆಲಸ, ಕೊರಿಯನ್ ಕಲಿತರೆ ಸೀರಿಯಲ್ಲು! ನನಗೋ ಐವತ್ತು ದಾಟಿದೆ. ವ್ಯಾಪಾರ, ಕೆಲಸ ಎರಡೂ ಬೇಡ. ಚರಿತ್ರೆ ಓದಿಕೊಂಡು ತೀರ್ಮಾನ ಮಾಡೋಣ ಅಂದ್ಕೊಂಡೆ.

ಮೂರೂ ಒಂದೇ ಕುಟುಂಬದ ಭಾಷೆಗಳು ಅಂತ ನಂಬಿದ್ದೆ. ಅಲ್ಲ. ಒಂದು ಕಾಲಕ್ಕೆ ಮೂರು ದೇಶದವರೂ ಚೀನೀ ಲಿಪಿಯಲ್ಲಿ ಬರೀತಿದ್ದರು, ಅಷ್ಟೇ. ಚೀನೀಯರಿಗೆ ಅದು ಮನೆಯ ಲಿಪಿ. ಜಪಾನೀ, ಕೊರಿಯನ್ ಭಾಷೆಗಳಲ್ಲಿ ನಮ್ಮ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುತ್ತೆ, ಪದಗಳಿಗೆ ಪ್ರತ್ಯಯ ಅಂಟಿಕೊಳ್ಳುತ್ತೆ. ಅವರಿಗೆ ಚೀನೀ ಲಿಪಿ ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ.

ಜಪಾನೀಯರು ಆ ಅಂಗಿಯನ್ನೇ ಕತ್ತರಿಸಿ ಹೊಲಿದುಕೊಂಡರು. ಚೀನೀ ಅಕ್ಷರಗಳನ್ನ ಉಳಿಸಿಕೊಂಡೇ, ಅವುಗಳಿಂದ ಹಿರಗಾನ, ಕತಕಾನ ಅನ್ನೋ ಸರಳ ಅಕ್ಷರಗಳನ್ನ ಮಾಡಿಕೊಂಡರು. ಅವುಗಳ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ... ಎಲ್ಲೋ ಕೇಳಿದ ಹಾಗಿದೆಯಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತರು. ಅದರ ಜೊತೆ ಭಾರತದ ವರ್ಣಮಾಲೆಯ ಕ್ರಮವೂ ಅಲ್ಲಿಗೆ ಹೋಯಿತು. ಇದನ್ನ ಓದಿದ ದಿನ ಜಪಾನೀ ಅಂತಲೇ ನಿಶ್ಚಯ ಮಾಡಿಬಿಟ್ಟೆ.

ಆಮೇಲೆ ಕೊರಿಯಾದ ಕಥೆ ಓದಿದೆ. ಅಲ್ಲಿನ ದೊರೆ ಸೆಜೊಂಗ್ ಹೊಸ ಅಂಗಿಯನ್ನೇ ಹೊಲಿಸಿದ. ಚೀನೀ ಅಕ್ಷರ ಕಲಿಯೋಕೆ ಪುರುಸೊತ್ತಿಲ್ಲದ ಜನ ತಮ್ಮ ಮಾತನ್ನ ತಾವೇ ಬರೆದುಕೊಳ್ಳಲಿ ಅಂತ 28 ಅಕ್ಷರಗಳನ್ನ ರೂಪಿಸಿ, 1446ರಲ್ಲಿ ಪ್ರಕಟಿಸಿದ. ಅದಕ್ಕೂ ಎರಡು ವರ್ಷ ಮೊದಲೇ ಆಸ್ಥಾನದ ವಿದ್ವಾಂಸರು ಮನವಿ ಬರೆದು ವಿರೋಧಿಸಿದ್ದರು. ಸ್ವಂತ ಲಿಪಿ ಇಟ್ಟುಕೊಳ್ಳೋರು ಮಂಗೋಲರು, ಜಪಾನೀಯರಂಥ ಅನಾಗರಿಕರು ಅನ್ನೋದು ಅವರ ವಾದ. ಮುಂದೆ ನೂರಾರು ವರ್ಷ ಪಂಡಿತರು ಚೀನೀ ಲಿಪಿಯನ್ನೇ ದೊಡ್ಡದು ಮಾಡಿದರು.

1910ರಲ್ಲಿ ಜಪಾನ್ ಕೊರಿಯಾವನ್ನ ನುಂಗಿತು. 1938ರ ಹೊತ್ತಿಗೆ ಶಾಲೆಗಳಲ್ಲಿ ಕೊರಿಯನ್ ಐಚ್ಛಿಕ ವಿಷಯ. ಕೆಲವೇ ವರ್ಷಗಳಲ್ಲಿ ಅದೂ ಇಲ್ಲ. ಈ ನಡುವೆ 1929ರಿಂದ ಒಂದಷ್ಟು ವಿದ್ವಾಂಸರು ಕೊರಿಯನ್ ನಿಘಂಟು ಮಾಡ್ತಾ ಇದ್ದರು. 1942ರಲ್ಲಿ ಪೊಲೀಸರು ಅವರನ್ನ ಬಂಧಿಸಿದರು, ಹಸ್ತಪ್ರತಿಯನ್ನ ಸಾಕ್ಷ್ಯ ಅಂತ ಹೊತ್ತೊಯ್ದರು. ನಿಘಂಟು ಮಾಡೋದು ರಾಜದ್ರೋಹ! ಇ ಯುನ್‌ಜೆ ಮತ್ತು ಹಾನ್ ಜಿಂಗ್ ಅನ್ನೋ ಇಬ್ಬರು ಜೈಲಲ್ಲೇ ತೀರಿಕೊಂಡರು. 1945ರಲ್ಲಿ ಜಪಾನ್ ಸೋತಿತು. ಉಳಿದವರು ಹೊರಗೆ ಬಂದರು, ಆದರೆ ಹಸ್ತಪ್ರತಿ ಇಲ್ಲ. ಸೆಪ್ಟೆಂಬರ್‌ನಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಆ ಕಟ್ಟು ಸಿಕ್ಕಿತು. ಮೊದಲ ಸಂಪುಟ 1947ರಲ್ಲಿ, ಆರನೆಯದು 1957ರಲ್ಲಿ ಅಚ್ಚಾಯಿತು.

ಕಿಟ್ಟೆಲ್ ನಿಘಂಟು ನನ್ನ ಮೇಜಿನ ಮೇಲೇ ಇರುತ್ತೆ. ಅದನ್ನ ಇಟ್ಟುಕೊಂಡಿದ್ದಕ್ಕೆ ಪೊಲೀಸರು ಬಂದಾರು ಅಂತ ನಾನು ಯಾವತ್ತೂ ಯೋಚನೆ ಮಾಡಿದವನಲ್ಲ. ಅವತ್ತು ಮಾಡಿದೆ.

ಕೊರಿಯನ್ ತರಗತಿಗೆ ಸೇರಿದೆ. "ಕೊನೆಗೂ ಸೀರಿಯಲ್ಲೇ ಗೆದ್ದಿತಲ್ಲ ಮಾವ" ಅಂತ ಅಕ್ಕನ ಮಗ ನಕ್ಕ. ನಗಲಿ ಬಿಡಿ. ಜಪಾನೀ ಮೇಲೆ ನನಗೆ ಸಿಟ್ಟೇನಿಲ್ಲ. ಹಾಗೆ ಭಾಷೆಗೇ ಶಿಕ್ಷೆ ಕೊಡೋಕೆ ಹೊರಟರೆ ಆ ಪೊಲೀಸರಿಗೂ ನನಗೂ ಏನು ವ್ಯತ್ಯಾಸ? ಕೊರಿಯನ್ ಸ್ವಲ್ಪ ಕೈಗೆ ಹತ್ತಲಿ, ಆಮೇಲೆ ಅ ಇ ಉ ಎ ಒ ಇದ್ದೇ ಇದೆ.