ಟವರ್ ಹಾಕೋರು ಬದಲಾದರು, ಕಾಯ್ದೆ ಬದಲಾಗಲಿಲ್ಲ

ನಮ್ಮ ಉಗರಗೋಳ ಕಡೆ ದೊಡ್ಡ ಲೈನಿನ ಮಾತು ಬಂದ್ರ ಎಲ್ಲರೂ ಇನ್ನೂ ‘ಕೆ.ಇ.ಬಿ.ಯವ್ರು’ ಅಂತನ ಅಂತಾರ. ಆ ಬೋರ್ಡು 1999ರಾಗ ಹೋಗಿ ಕೆ.ಪಿ.ಟಿ.ಸಿ.ಎಲ್. ಆತು. 2002ರಾಗ ಹಳ್ಳಿ ಕಂಬ, ಟಿ.ಸಿ., ಬಿಲ್ಲು ಹೆಸ್ಕಾಂ ಪಾಲಿಗೆ ಬಂದವು. ಆದ್ರ ಹೊಲದಾಗ ಟವರ್ ನಿಲ್ಲಸಾಕ ಬಂದೋರು ಇವರಿಬ್ಬರೂ ಅಲ್ಲದ ಮೂರನೇಯವರೂ ಇರಬಹುದು. ಅದು ಹೆಂಗಾತು ಅಂತ ತಿಳಕೊಂಡ್ರ ಪರಿಹಾರದ ಮಾತು ಆಡಾಕ ಅನುಕೂಲ.

ನಮ್ಮ ನಾಡಿನ ಮೊದಲ ದೊಡ್ಡ ಲೈನು 1902ರದ್ದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಮೈಸೂರು ಸರಕಾರದ್ದು. ಮುಂದ ಸ್ವಾತಂತ್ರ್ಯ ಬಂದ ಮ್ಯಾಲೂ ಲೈನು ಅಂದ್ರ ಸರಕಾರದ ಕೆಲಸ. ರಾಜ್ಯ ದಾಟುವ ಲೈನುಗಳಿಗೆ ಅಂತ ಕೇಂದ್ರ 1989ರಲ್ಲಿ ಮಾಡಿದ ಕಂಪನಿಯೇ ಇವತ್ತಿನ ಪವರ್‌ಗ್ರಿಡ್. ಖರ್ಚಾದಷ್ಟು ರೊಕ್ಕ, ಮ್ಯಾಲೆ ಗೊತ್ತುಪಡಿಸಿದ ಲಾಭ, ಎರಡೂ ಕರೆಂಟಿನ ದರದಾಗ ವಸೂಲಾಗ್ತಿದ್ದವು.

2003ರ ವಿದ್ಯುತ್ ಕಾಯ್ದೆಯ 63ನೇ ಕಲಂ ಟೆಂಡರಿಗೆ ಬಾಗಿಲು ತೆರೀತು. 2006ರ ದರ ನೀತಿ ಐದು ವರ್ಷದ ಗಡುವು ಕೊಟ್ಟಿತು. 2011ರ ಜನವರಿಯಿಂದ ರಾಜ್ಯ ದಾಟುವ ಹೊಸ ಲೈನುಗಳಿಗೆ ಪೈಪೋಟಿಯೇ ನಿಯಮ, ಕೆಲವನ್ನು ಮಾತ್ರ ನೇರವಾಗಿ ವಹಿಸಬಹುದು. ಪವರ್‌ಗ್ರಿಡ್ ಹೊರಗ ಉಳೀಲಿಲ್ಲ, ಅದೂ ಬಿಡ್ ಹಾಕ್ತದ. ಅದೇ 2011ರಾಗ ಅಮೆರಿಕಾದ ಕೇಂದ್ರ ಆಯೋಗ ಹಳೇ ಕಂಪನಿಗಳ ‘ಮೊದಲ ಹಕ್ಕು’ ತೆಗೀತು. ಅಲ್ಲಿ ಟೆಕ್ಸಾಸದಂಥಾ ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿ ಅದನ್ನ ಹಳಬರಿಗೆ ತಿರುಗಿ ಕೊಟ್ಟವು. ಜಗಳ ಕೋರ್ಟಿಗೂ ಹೋತು.

ನಮಗ ಹತ್ತಿರದ ಉದಾಹರಣೆ ಧಾರವಾಡದ ಬಾಜೂಕ ಇರೋ ನರೇಂದ್ರ. ಕೂಡಗಿ ಸ್ಥಾವರದಿಂದ ಅಲ್ಲಿಗೆ, ಮುಂದ ಮಧುಗಿರಿಗೆ ಹೋಗೋ ಲೈನು 2013ರಲ್ಲಿ ಬಿಡ್ಡಿನಾಗ ಎಲ್ ಅಂಡ್ ಟಿ ಬಳಗಕ್ಕ ಸಿಕ್ತು. ಕೊಪ್ಪಳ–ನರೇಂದ್ರ ಲೈನು ರಿನ್ಯೂ ಗೆದ್ದಿತು.

ಬಿಡ್ಡಿನಾಗ ವರ್ಷಕ್ಕ ಇಷ್ಟು ಬಾಡಿಗಿ ಅಂತ 35 ವರ್ಷಕ್ಕ ಬರದು ಕೊಡಬೇಕು, ಕಡಿಮಿ ಬರದವರು ಗೆಲ್ತಾರ. ಇದರಿಂದ ದರ ಇಳೀತದ ಅನ್ನೋದು ಖರೇನ, ನಾನೂ ಒಪ್ತೀನಿ. ಆದ್ರ ಮೊದಲು ರೈತಗ ಕೊಟ್ಟ ಪರಿಹಾರ ಖರ್ಚಿನ ಲೆಕ್ಕಕ್ಕ ಸೇರ್ತಿತ್ತು. ಈಗ ಅಂದಾಜು ಮೀರಿ ಕೊಟ್ಟದ್ದು ಬಹುತೇಕ ಗೆದ್ದವರ ಕಿಸೇದಿಂದನ ಹೋಗಬೇಕು. ಚೌಕಾಸಿ ಬಿಗಿಯಾಗೋದು ಇಲ್ಲೇ ಅಂತ ನನ್ನ ಅನಿಸಿಕೆ.

ಇಷ್ಟರಾಗ ಬದಲಾಗದೇ ಉಳದದ್ದು 1885ರ ಟೆಲಿಗ್ರಾಫ್ ಕಾಯ್ದೆ. 2003ರ ಕಾಯ್ದೆಯ 164ನೇ ಕಲಂ ಪ್ರಕಾರ ಸರಕಾರ ಆದೇಶ ಮಾಡಿದ್ರ ಖಾಸಗಿಯವರಿಗೂ ಅದೇ ಅಧಿಕಾರ. ಉತಾರ ನಮ್ಮ ಹೆಸರಿನಾಗ ಉಳೀತದ, ಟವರ್ ಹೊಲದಾಗ ಏಳ್ತದ. ಅಡ್ಡಿ ಮಾಡಿದ್ರ ಡಿ.ಸಿ. ಅಪ್ಪಣಿ ಕೊಡಬಹುದು. ಪರಿಹಾರ ಸಾಲದಂದ್ರ ಜಿಲ್ಲಾ ನ್ಯಾಯಾಧೀಶರ ಮುಂದ ಹೋಗಾಕ ಬರ್ತದ.

2015ರ ಕೇಂದ್ರ ಮಾರ್ಗಸೂಚಿಯಾಗ ಟವರ್ ಜಾಗಕ್ಕ ಭೂಮಿ ಬೆಲೆಯ 85%, ತಂತಿ ಕೆಳಗಿನ ಪಟ್ಟಿಗೆ ಹೆಚ್ಚಂದ್ರ 15% ಇತ್ತು. 2024ರ ಜೂನದಾಗ ಅದು 200% ಮತ್ತು 30% ಆತು. ಟವರ್ ಜಾಗ ಅಂದ್ರ ನಾಲ್ಕು ಕಾಲಿನ ಒಳಗಿಂದಷ್ಟೇ ಅಲ್ಲ, ಪ್ರತಿ ಬದಿಗೆ ಒಂದೊಂದು ಮೀಟರ್ ಸೇರಿಸಿ. ಆದ್ರ ಕೇಂದ್ರದ್ದು ಸೂಚನೆ ಮಾತ್ರ, ರಾಜ್ಯ ಒಪ್ಪಿ ಆದೇಶ ಮಾಡಬೇಕು. ಅದಕ್ಕ 164ರ ಆದೇಶ ಮತ್ತು ಡಿ.ಸಿ. ಗೊತ್ತುಮಾಡಿದ ದರ, ಎರಡರ ನಕಲೂ ಕೇಳ್ರಿ. ಕಡಲಿ, ಜ್ವಾಳ ತುಳದದ್ದಕ್ಕ ಕೊಡೋ ಬೆಳಿ ನಷ್ಟದ ರೊಕ್ಕ ಬ್ಯಾರೆ, ಜಾಗದ ರೊಕ್ಕ ಬ್ಯಾರೆ. ಒಂದಕ್ಕ ಅಂತ ಹೇಳಿ ಎರಡಕ್ಕೂ ಸಹಿ ಹಾಕಿಸಿಕೊಳ್ಳೋ ಕಾಗದ ಬಂದ್ರ ಪೂರಾ ಓದಿಸಿ ಕೇಳ್ರಿ.