ಮಾಲೀಕರಿಗೆ ದಂಡ ಹಾಕಿದರೆ ಕಟ್ಟುವರೇ?

ನಮ್ಮ ಕಬನೂರ, ಇಚಲಕರಂಜಿ ಭಾಗದ ಹುಡುಗರಿಗೆ ಫುಟ್‌ಬಾಲ್ ಎಂದರೆ ಕೊಲ್ಹಾಪುರದ ಶಾಹೂ ಸ್ಟೇಡಿಯಂ. ಅಲ್ಲಿ ಆಡುವ ಪಾಟಾಕಡೀಲ, ಖಂಡೋಬಾ, ದಿಲ್‌ಬಹಾರ್ ತಂಡಗಳು ತಾಲೀಮುಗಳವು. ಪೇಠೆಯ ಜನರೇ ಅವುಗಳ ಆಸರೆ. ಆದರೆ ಐಎಸ್ಎಲ್ ತಂಡಗಳಿಗೆ ಉದ್ಯಮಿಗಳು ಮಾಲೀಕರು. "ಸರ್, ಸಾಹುಕಾರಗ ದಂಡ ಹಾಕಿದ್ರ ಕಟ್ತಾನೇನ್ರಿ?" ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು? ಇತಿಹಾಸವನ್ನೇ ನೋಡೋಣ.

ನೆರೆಯ ಗೋವಾದ ಫಾತೋರ್ಡಾದಲ್ಲಿ 2015ರ ಡಿಸೆಂಬರ್ 20ರಂದು ಫೈನಲ್ ನಡೆಯಿತು. ಚೆನ್ನೈಯಿನ್ ತಂಡ ಎಫ್‌ಸಿ ಗೋವಾವನ್ನು 3-2ರಿಂದ ಸೋಲಿಸಿತು. ಆಟ ಮುಗಿದ ಮೇಲೆ ಜಗಳವಾಯಿತು, ಪೊಲೀಸ್ ದೂರೂ ಆಯಿತು. 2016ರ ಮೇ ತಿಂಗಳಲ್ಲಿ ಲೀಗಿನ ಆಯೋಗ ಗೋವಾ ತಂಡಕ್ಕೆ 11 ಕೋಟಿ ರೂಪಾಯಿ ದಂಡ ಹಾಕಿ, ಮುಂದಿನ ಹಂಗಾಮಿನ 15 ಅಂಕ ಕಡಿತ ಮಾಡಿತು. ಸಹಮಾಲೀಕರಾದ ದತ್ತರಾಜ ಸಾಳಗಾಂವಕರ ಹಾಗೂ ಶ್ರೀನಿವಾಸ ಡೆಂಪೊ ಅವರನ್ನು ನಿಷೇಧಿಸಿತು. ಆದರೆ ಅದೇ ವರ್ಷ ಮೇಲ್ಮನವಿಯಲ್ಲಿ ನಿಷೇಧವೂ ಅಂಕ ಕಡಿತವೂ ರದ್ದಾದವು, ದಂಡ 6 ಕೋಟಿಗೆ ಇಳಿಯಿತು.

ಲೀಗಿಗೆ ಪೊಲೀಸರಿಲ್ಲ, ಜಪ್ತಿ ಮಾಡುವ ಅಧಿಕಾರವಿಲ್ಲ. ಮಾಲೀಕರು ಸಹಿ ಮಾಡಿದ ಕರಾರೇ ಅದರ ಬಲ. ದಂಡ ಕಟ್ಟದಿದ್ದರೆ ಅಂಕ ಕಡಿತ, ಆಟದಿಂದ ಹೊರಗಿಡುವುದು, ಇವೇ ಅದರ ಅಸ್ತ್ರಗಳು. ಕೋರ್ಟಿಗೆ ಹೋದರೂ 1872ರ ಕರಾರು ಕಾಯಿದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ಸಿಗುವುದಿಲ್ಲ. ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ.

2012ರ ಡಿಸೆಂಬರ್ 9ರಂದು ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡ ಅರ್ಧ ಆಟದ ಮೇಲೆ ಮೈದಾನಕ್ಕೆ ಬರಲಿಲ್ಲ. ಮೊದಲು ನಿಷೇಧವಾಯಿತು. 2013ರ ಜನವರಿಯಲ್ಲಿ ಅದನ್ನು ತೆಗೆದು 2 ಕೋಟಿ ದಂಡ ಹಾಕಿ, ಅಂಕಗಳನ್ನು ಸೊನ್ನೆ ಮಾಡಲಾಯಿತು. 2023ರ ಮಾರ್ಚ್ 3ರಂದು ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕೇರಳ ಬ್ಲಾಸ್ಟರ್ಸ್ ತಂಡ ಆಟ ಬಿಟ್ಟು ಹೊರನಡೆಯಿತು. ಅದಕ್ಕೆ ದಂಡ 4 ಕೋಟಿ. ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ ಎಂದಿತು ಫೆಡರೇಶನ್ನಿನ ಶಿಸ್ತು ಸಮಿತಿ. ಕೆಲವೇ ದಿನಗಳಲ್ಲಿ ಕ್ಷಮೆ ಬಂತು!

ಇದರಿಂದ ತಿಳಿಯುವುದೇನು? ನಾಳೆ ಆಡಬೇಕೆಂಬ ಆಸೆ ಇದ್ದವರು ದಂಡಕ್ಕೆ ಬಗ್ಗುತ್ತಾರೆ. ಆಟವನ್ನೇ ಬಿಟ್ಟು ಹೋಗುವ ಧಣಿಯಿಂದ ವಸೂಲಿ ಕಷ್ಟ. ಆಗ ಸಂಬಳಕ್ಕೆ ಕಾಯುವ ಆಟಗಾರನೇ ನಷ್ಟಕ್ಕೆ ಗುರಿ. ಕೋಣಗಳೆರಡರ ಹೋರಾಟದಲ್ಲಿ ಗಿಡಕ್ಕೆ ಮಿತ್ತು ಎಂಬ ಗಾದೆ ಇಲ್ಲಿಯೂ ನಿಜ. ಆದ್ದರಿಂದ ನಿಯಮ ಮೊದಲೇ ಸ್ಪಷ್ಟವಾಗಿರಲಿ, ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಇರಲಿ. ಶಾಲೆಯ ಅಂಗಳದಲ್ಲಿ ನಾವು ಮಕ್ಕಳಿಗೆ ಕಲಿಸುವುದೂ ಇದನ್ನೇ ಅಲ್ಲವೇ?