ಅಜ್ಜನ ಜೋಡಿನಳಿಗೆ ಕೋವಿ

ಹಳೆಯ ಬ್ರಿಟಿಷ್ ಜೋಡಿನಳಿಗೆ ಕೋವಿಗೆ ಸಂಗ್ರಾಹಕರು ಲಕ್ಷಗಟ್ಟಲೆ ಕೊಡುತ್ತಾರೆಂದು ಪುಣೆಯ ಆಫೀಸಿನಲ್ಲಿ ಗೆಳತಿ ಹೇಳಿದಾಗ ನಗು ಬಂತು. ಕೊಡಗಿನ ನಮ್ಮ ಮನೆಯಲ್ಲಿ ಅಂಥದ್ದೊಂದಿದೆ; ಮಾರುವ ಮಾತೆತ್ತಿದರೆ ಅಜ್ಜ ಊಟ ಬಿಟ್ಟಾರು!

ಹೊರಗಿದ್ದ ಸುತ್ತಿಗೆಯನ್ನು ಒಳಗೆ ಅಡಗಿಸಿದ ಮಾದರಿಯದು. 1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ ರೂಪಿಸಿದ ತಂತ್ರ. ಎಂಜಿನಿಯರ್ ಆದ ನನಗೆ ಅದರ ಸರಳತೆ ಇಂದಿಗೂ ಬೆರಗು.

ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ.

ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು. ತಮ್ಮ ಹುಟ್ಟಿದಾಗ ಕೋವಿ ಮೊಳಗಿತ್ತು, ನಾನು ಹುಟ್ಟಿದಾಗ ಇಲ್ಲ. ಕಳೆದ ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ ಗುರಿಯಿಡಲು ಅಜ್ಜ ಅದನ್ನು ನನ್ನ ಕೈಗೇ ಕೊಟ್ಟರು. ಮೊದಲ ಗುಂಡು ತಪ್ಪಿತು. ಎರಡನೆಯ ನಳಿಗೆ ಇತ್ತಲ್ಲ!